ಆ ಕಡೆ ಸಾಯುವವರಿಗೂ ಪ್ರಾರ್ಥಿಸಬಾರದಾ?

ಪ್ರಶ್ನೆ: ನನ್ನ ಅಣ್ಣ ಸೈನ್ಯದಲ್ಲಿದ್ದಾನೆ. ಅವನ ಬಗ್ಗೆ ನನಗೆ ಹೆಮ್ಮೆಯಿದೆ, ಭಯವೂ ಇದೆ. ಮೊನ್ನೆ ಚರ್ಚ್‌ನಲ್ಲಿ ನಮ್ಮ ಸೈನಿಕರ ಗೆಲುವಿಗಾಗಿ ಪ್ರಾರ್ಥನೆ ನಡೆಯಿತು. ‘ಆ ಕಡೆ ಸಾಯುವವರಿಗೂ ಪ್ರಾರ್ಥಿಸಬಾರದಾ?’ ಎಂದು ಕೇಳಿದೆ. ‘ನೀನು ದೇಶದ ಕಡೆಯೋ, ವೈರಿಗಳ ಕಡೆಯೋ?’ ಎಂದು ಹಿರಿಯರೊಬ್ಬರು ಎಲ್ಲರ ಎದುರಿಗೇ ಗದರಿದರು. ನಾನು ಕೇಳಿದ್ದು ತಪ್ಪಾ? ಕ್ರೈಸ್ತರು ಯುದ್ಧ ಮಾಡಬಹುದೇ? ದೇಶಪ್ರೇಮಕ್ಕೂ ನಂಬಿಕೆಗೂ ಜಗಳವೇ?

ಉತ್ತರ: ನೀವು ಕೇಳಿದ್ದು ತಪ್ಪಲ್ಲ, ಖಂಡಿತ ತಪ್ಪಲ್ಲ. ‘ನಿಮ್ಮ ವೈರಿಗಳನ್ನು ಪ್ರೀತಿಸಿರಿ, ನಿಮ್ಮನ್ನು ಹಿಂಸೆಪಡಿಸುವವರಿಗೋಸ್ಕರ ಪ್ರಾರ್ಥಿಸಿರಿ’ ಎಂದು ಮತ್ತಾಯನ ಸುವಾರ್ತೆಯ 5ನೇ ಅಧ್ಯಾಯದಲ್ಲಿ ಯೇಸು ಹೇಳುತ್ತಾನೆ. ನೀವು ಕೇಳಿದ್ದೂ ಅಷ್ಟೇ ಅಲ್ವಾ? ಚರ್ಚ್‌ನಲ್ಲಿ ಈ ಮಾತು ಕೇಳಬಾರದು ಎಂದರೆ ಇನ್ನೆಲ್ಲಿ ಕೇಳಬೇಕು?

ಇನ್ನು ಯುದ್ಧ ಮಾಡಬಹುದೇ ಎನ್ನುವ ಪ್ರಶ್ನೆ. ಎರಡು ಸಾವಿರ ವರ್ಷಗಳಿಂದ ಕ್ರೈಸ್ತರು ಇದಕ್ಕೆ ಒಂದೇ ಉತ್ತರ ಕೊಟ್ಟಿಲ್ಲ. ಇದನ್ನು ಮುಚ್ಚಿಟ್ಟು ನಿಮಗೆ ಸುಲಭದ ಉತ್ತರ ಕೊಡಲು ನನಗೆ ಮನಸ್ಸಿಲ್ಲ. ಯೇಸುವನ್ನು ಹಿಡಿಯಲು ಬಂದವರ ಮೇಲೆ ಶಿಷ್ಯನಾದ ಪೇತ್ರ ಕತ್ತಿ ಬೀಸಿದಾಗ, ‘ಕತ್ತಿಯನ್ನು ಹಿಡಿದವರೆಲ್ಲರು ಕತ್ತಿಯಿಂದ ಸಾಯುವರು’ ಎಂದು ಯೇಸು ತಡೆದ. ಆದರೆ ಸಿಪಾಯಿಗಳು ಸ್ನಾನಿಕನಾದ ಯೋಹಾನನೆಂಬ ಪ್ರವಾದಿಯ ಬಳಿ ಬಂದು ‘ನಾವೇನು ಮಾಡಬೇಕು?’ ಎಂದು ಕೇಳಿದಾಗ, ಅವನು ಕೆಲಸ ಬಿಡಿ ಎನ್ನಲಿಲ್ಲ. ಯಾರನ್ನೂ ಹೆದರಿಸಿ ಹಣ ಕೀಳಬೇಡಿ, ಬರುವ ಸಂಬಳದಲ್ಲಿ ತೃಪ್ತಿಪಡಿ ಎಂದ. ಲೂಕನ ಸುವಾರ್ತೆಯ 3ನೇ ಅಧ್ಯಾಯ ಓದಿ ನೋಡಿ. ಹಾಗಾಗಿ ಎರಡೂ ಕಡೆಯವರು ಬೈಬಲ್ ತೆರೆದಿಟ್ಟುಕೊಂಡೇ ವಾದ ಮಾಡುತ್ತಾರೆ.

ಮೊದಲ ಮೂರು ಶತಮಾನಗಳಲ್ಲಿ ಯುದ್ಧ ಬೇಡ ಎನ್ನುವ ದನಿಯೇ ಜೋರಾಗಿತ್ತು. ಪೇತ್ರನ ಕೈಯಿಂದ ಕತ್ತಿ ಇಳಿಸಿದಾಗಲೇ ಕರ್ತನು ಎಲ್ಲ ಸೈನಿಕರ ಸೊಂಟಪಟ್ಟಿ ಬಿಚ್ಚಿಸಿದ, ಅಂದರೆ ಆಯುಧ ಕೆಳಗಿಡಿಸಿದ ಎಂದು ಆ ಕಾಲದ ಕ್ರೈಸ್ತ ಲೇಖಕ ತೆರ್ತುಲಿಯನ್ ಬರೆದ. ಆಗ ರೋಮನ್ ಸೈನ್ಯದಲ್ಲಿ ರಕ್ತಪಾತದ ಜೊತೆಗೆ ದೇವತೆಗಳಿಗೆ, ಚಕ್ರವರ್ತಿಗೆ ಬಲಿ ಕೊಡುವ ಪದ್ಧತಿಯೂ ಇತ್ತು. ಕ್ರೈಸ್ತರಿಗೆ ಎರಡೂ ಒಗ್ಗುತ್ತಿರಲಿಲ್ಲ.

295ರಲ್ಲಿ ಉತ್ತರ ಆಫ್ರಿಕಾದ ಥೆವೆಸ್ಟೆ ಎಂಬ ಊರಿನಲ್ಲಿ ನಡೆದದ್ದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಮ್ಯಾಕ್ಸಿಮಿಲಿಯನ್ ಎಂಬ 21 ವರ್ಷದ ಹುಡುಗ. ಸೈನ್ಯಕ್ಕೆ ಸೇರಿಸಲು ಕರೆತಂದು ನಿಲ್ಲಿಸಿ ಎತ್ತರ ಅಳೆದರು. ಕೊರಳಿಗೆ ಸೈನಿಕನ ಗುರುತಾದ ಸೀಸದ ಮುದ್ರೆ ಹಾಕಲು ಹೋದರೆ ಬೇಡ ಎಂದ. ‘ನಾನು ಕ್ರೈಸ್ತ, ಸೈನಿಕನಾಗಲಾರೆ’ ಎಂಬುದೊಂದೇ ಅವನ ಮಾತು. ಅಧಿಕಾರಿ ಬಿಡಲಿಲ್ಲ. ಚಕ್ರವರ್ತಿಗಳ ಅಂಗರಕ್ಷಕರಲ್ಲೇ ಕ್ರೈಸ್ತ ಸೈನಿಕರಿದ್ದಾರಲ್ಲ ಎಂದು ಕೇಳಿದ. ಹುಡುಗ ಅವರನ್ನು ಬೈಯಲಿಲ್ಲ. ಅವರಿಗೆ ಯಾವುದು ಒಳ್ಳೆಯದೆಂದು ಅವರಿಗೆ ಗೊತ್ತು, ನಾನು ಮಾತ್ರ ಕೆಟ್ಟದ್ದು ಮಾಡಲಾರೆ ಎಂದ. ಅದೇ ದಿನ ಅವನ ತಲೆ ಕಡಿದರು.

ಈ ಒಂದೇ ಮಾತುಕತೆಯಲ್ಲಿ ನಿಮ್ಮ ಪ್ರಶ್ನೆ ಪೂರ್ತಿ ಇದೆ ಅನಿಸುತ್ತದೆ ನನಗೆ. ಆಗಲೂ ಸೈನ್ಯದಲ್ಲಿದ್ದ ಕ್ರೈಸ್ತರಿದ್ದರು, ಒಲ್ಲೆ ಎಂದ ಕ್ರೈಸ್ತರೂ ಇದ್ದರು.

313ರ ಹೊತ್ತಿಗೆ ಕಾಲ ಬದಲಾಯಿತು. ಕಾನ್‌ಸ್ಟಂಟೈನ್ ಚಕ್ರವರ್ತಿ ಕ್ರೈಸ್ತರ ಪರ ನಿಂತ. ಆ ಶತಮಾನ ಮುಗಿಯುವಷ್ಟರಲ್ಲಿ ಕ್ರೈಸ್ತ ಧರ್ಮವೇ ಸಾಮ್ರಾಜ್ಯದ ಧರ್ಮವಾಯಿತು. ಗಡಿ ಕಾಯುವವರು ಯಾರು, ದಾಳಿಗೆ ಸಿಕ್ಕ ಬಡಪಾಯಿಗಳನ್ನು ಉಳಿಸುವವರು ಯಾರು ಎಂಬ ಪ್ರಶ್ನೆ ಈಗ ಚರ್ಚ್‌ನ ತಲೆ ಮೇಲೆಯೇ ಬಿತ್ತು. ಅಗಸ್ಟೀನ್ ಎಂಬ ಬಿಷಪ್ ಇದರ ಬಗ್ಗೆ ಯೋಚಿಸಿದ. 13ನೇ ಶತಮಾನದಲ್ಲಿ ಥಾಮಸ್ ಅಕ್ವೀನಾಸ್ ಎಂಬ ಧರ್ಮಪಂಡಿತ ಮೂರು ಷರತ್ತು ಹಾಕಿದ. ಯುದ್ಧ ಸಾರುವ ಅಧಿಕಾರ ಇರುವವರೇ ಸಾರಬೇಕು, ಕಾರಣ ನ್ಯಾಯವಾಗಿರಬೇಕು, ಉದ್ದೇಶ ಶುದ್ಧವಾಗಿರಬೇಕು. ಇದನ್ನೇ ‘ನ್ಯಾಯಯುತ ಯುದ್ಧ’ದ ವಿಚಾರ ಎನ್ನುತ್ತಾರೆ.

ಇದನ್ನು ಕೆಲವರು ಸುಮ್ನೆ ತಳ್ಳಿಹಾಕುತ್ತಾರೆ. ನಾನು ಹಾಗೆ ಮಾಡುವುದಿಲ್ಲ. ಇದು ಯುದ್ಧಕ್ಕೆ ಹಾಕಿದ ಲಗಾಮು. ಆದರೆ ರಾಜರು ಲಗಾಮನ್ನೇ ಪರವಾನಗಿ ಮಾಡಿಕೊಂಡದ್ದು ಜಾಸ್ತಿ. 1095ರಲ್ಲಿ ಪೋಪ್ ಎರಡನೇ ಅರ್ಬನ್ ಶಿಲುಬೆಯ ಹೆಸರಿನಲ್ಲಿ ಯುದ್ಧಕ್ಕೆ ಕರೆ ಕೊಟ್ಟರು. ಆ ಕರೆಗೆ ಓಗೊಟ್ಟು ಹೋದವರು 1099ರಲ್ಲಿ ಜೆರುಸಲೇಮಿನಲ್ಲಿ ಮುಸ್ಲಿಮರನ್ನೂ ಯೆಹೂದ್ಯರನ್ನೂ ಕೊಂದು ಹಾಕಿದರು. ಅದಕ್ಕೆ ಯಾವ ಸಮರ್ಥನೆಯೂ ಇಲ್ಲ. ಇನ್ನೊಂದು ಕಡೆ ಮೆನ್ನೊನೈಟರು, ಕ್ವೇಕರರು ಎಂಬ ಕ್ರೈಸ್ತ ಪಂಗಡದವರು ಹಳೆಯ ದನಿಯನ್ನು ಬಿಡದೆ ಉಳಿಸಿಕೊಂಡರು. ಯಾವ ಕಾರಣಕ್ಕೂ ಆಯುಧ ಹಿಡಿಯುವುದಿಲ್ಲ ಎಂದು ಕ್ವೇಕರರು 1660ರಲ್ಲಿ ಇಂಗ್ಲೆಂಡಿನ ದೊರೆಗೇ ಬರೆದು ಕೊಟ್ಟರು.

ಇನ್ನು ದೇಶಪ್ರೇಮ. ಹುಟ್ಟಿದ ನೆಲವನ್ನು ಪ್ರೀತಿಸುವುದರಲ್ಲಿ ತಪ್ಪೇನೂ ಇಲ್ಲ. ಜೆರುಸಲೇಮ್ ಕಣ್ಣಿಗೆ ಬಿದ್ದಾಗ ಯೇಸು ಅತ್ತ. ಅಪೊಸ್ತಲ ಪೌಲ ತಾನು ರೋಮನ್ ಪ್ರಜೆ ಎಂಬ ಹಕ್ಕನ್ನು ಬಳಸಿಕೊಂಡ. ತೊಂದರೆ ಶುರುವಾಗುವುದು ದೇಶವನ್ನು ದೇವರ ಜಾಗದಲ್ಲಿ ಕೂರಿಸಿದಾಗ. ನಮ್ಮ ದೇಶ ಮಾಡಿದ್ದೆಲ್ಲ ಸರಿ, ದೇವರೂ ನಮ್ಮವನೇ, ಪ್ರಶ್ನೆ ಕೇಳಿದವನು ದ್ರೋಹಿ ಎನ್ನುವ ಹಂತ ಅದು.

ಮೊದಲ ಮಹಾಯುದ್ಧದಲ್ಲಿ ಜರ್ಮನ್ ಸೈನಿಕರ ಬೆಲ್ಟ್‌ನ ಬಕಲ್ ಮೇಲೆ ‘ದೇವರು ನಮ್ಮೊಂದಿಗಿದ್ದಾನೆ’ ಎಂದು ಅಚ್ಚು ಹಾಕಿತ್ತು. ಎದುರು ಕಂದಕದಲ್ಲಿದ್ದ ಇಂಗ್ಲಿಷರ, ಫ್ರೆಂಚರ ಪಾದ್ರಿಗಳೂ ಅದನ್ನೇ ಹೇಳುತ್ತಿದ್ದರು. ಎರಡೂ ಕಡೆ ಅದೇ ಬೈಬಲ್, ‘ಪರಲೋಕದಲ್ಲಿರುವ ನಮ್ಮ ತಂದೆಯೇ’ ಎಂಬ ಅದೇ ಪ್ರಾರ್ಥನೆ. ಇದು ಅರ್ಥವಿಲ್ಲದ ಕೊಲೆ ಎಂದು 1917ರಲ್ಲಿ ಪೋಪ್ ಹದಿನೈದನೇ ಬೆನೆಡಿಕ್ಟ್ ಹೇಳಿದರೆ ಯಾವ ಸರ್ಕಾರವೂ ಕಿವಿಗೆ ಹಾಕಿಕೊಳ್ಳಲಿಲ್ಲ. ಗೆಲುವಿಗಾಗಿ ಪ್ರಾರ್ಥನೆ ಎಂದಾಗಲೆಲ್ಲ ನನಗೆ ಆ ಬಕಲ್ ನೆನಪಾಗುತ್ತದೆ.

ನಿಮ್ಮನ್ನು ಗದರಿದ ಹಿರಿಯರು ಬಹುಶಃ ರೋಮಾಪುರದವರಿಗೆ ಬರೆದ ಪತ್ರಿಕೆಯ 13ನೇ ಅಧ್ಯಾಯವನ್ನು ಮುಂದಿಡಬಹುದು. ಅಧಿಕಾರದಲ್ಲಿರುವವರಿಗೆ ಅಧೀನರಾಗಿರಿ ಎಂದು ಅಲ್ಲಿದೆ, ನಿಜ. ಆದರೆ ‘ಮನುಷ್ಯರಿಗಿಂತಲೂ ದೇವರಿಗೆ ಹೆಚ್ಚಾಗಿ ವಿಧೇಯರಾಗಿರಬೇಕು’ ಎಂದು ಅಪೊಸ್ತಲರು ಅಧಿಕಾರಿಗಳ ಮುಖಕ್ಕೇ ಹೇಳಿದ್ದೂ ಅದೇ ಬೈಬಲ್‌ನಲ್ಲಿದೆ. ಹಿಟ್ಲರನ ಕಾಲದಲ್ಲಿ ಜರ್ಮನಿಯ ಎಷ್ಟೋ ಪಾದ್ರಿಗಳು ಮೊದಲನೆಯದನ್ನು ಮಾತ್ರ ಓದಿದರು. ಆದರೆ 1934ರಲ್ಲಿ ಜರ್ಮನಿಯ ಬಾರ್ಮೆನ್‌ ಎಂಬ ಊರಿನಲ್ಲಿ ಸೇರಿದ ಕೆಲವು ಕ್ರೈಸ್ತರು, ಬದುಕಿನ ಯಾವ ಭಾಗದಲ್ಲೂ ಕ್ರಿಸ್ತನ ಬದಲು ಬೇರೆ ಒಡೆಯನಿಲ್ಲ ಎಂದು ಘೋಷಿಸಿದರು.

ನಿಮ್ಮ ಅಣ್ಣನ ವಿಷಯ. ಅವನು ಜೀವಂತ ಮನೆಗೆ ಬರಲಿ ಎಂದು ಸಂಕೋಚವಿಲ್ಲದೆ ಪ್ರಾರ್ಥಿಸಿ. ಅವನ ಕೈಯಿಂದ ಅನ್ಯಾಯ ನಡೆಯದಿರಲಿ ಎಂದೂ ಪ್ರಾರ್ಥಿಸಿ. ಅದರ ಪಕ್ಕದಲ್ಲೇ ಆ ಕಡೆಯವನಿಗೂ ಜಾಗ ಕೊಡಿ. ಅವನಿಗೂ ಒಬ್ಬ ತಂಗಿಯೋ ತಮ್ಮನೋ ಇರಬಹುದು. ಇದರಿಂದ ಅಣ್ಣನಿಗೆ ಯಾವ ದ್ರೋಹವೂ ಆಗುವುದಿಲ್ಲ.

ಆ ಹಿರಿಯರನ್ನು ಒಮ್ಮೆ ಒಬ್ಬರೇ ಇದ್ದಾಗ ಭೇಟಿ ಮಾಡಿ, ಫ್ರಾನ್ಸ್ ಯೇಗರ್‌ಸ್ಟೆಟರ್ ಕಥೆ ಹೇಳಿ. ಆಸ್ಟ್ರಿಯಾದ ರೈತ, ಮೂರು ಹೆಣ್ಣುಮಕ್ಕಳ ತಂದೆ. ಹಿಟ್ಲರನ ಯುದ್ಧದಲ್ಲಿ ಹೋರಾಡುವುದು ಪಾಪ ಎಂದು ಅವನ ಮನಸ್ಸು ಹೇಳಿತು. ಕೇಳಲು ಲಿಂಜ್‌ನ ಬಿಷಪರ ಬಳಿ ಹೋದ. ಯುದ್ಧ ಸರಿಯೋ ತಪ್ಪೋ ಎಂದು ತೀರ್ಮಾನಿಸುವುದು ನಿನ್ನ ಕೆಲಸವಲ್ಲ, ಸಂಸಾರ ನೋಡಿಕೋ ಎನ್ನುವ ಅರ್ಥದ ಉತ್ತರ ಸಿಕ್ಕಿತು. ಊರವರೂ ಅದನ್ನೇ ಹೇಳಿದರು. ಅವನು ಮಾತ್ರ ಹೋರಾಡಲು ಒಪ್ಪಲಿಲ್ಲ. 1943ರ ಆಗಸ್ಟ್ 9ರಂದು ಅವನ ತಲೆ ಕಡಿದರು. ಅವನಿಗೆ 36 ವರ್ಷ. ಹೆಂಡತಿ ಫ್ರಾನ್ಸಿಸ್ಕಾ ಹೊಲ ಗೇಯ್ದು ಮಕ್ಕಳನ್ನು ಬೆಳೆಸಿದಳು. ಊರಿನವರ ದೂಷಣೆಯನ್ನು ವರ್ಷಗಟ್ಟಲೆ ಕೇಳಿದಳು.

2007ರ ಅಕ್ಟೋಬರ್‌ನಲ್ಲಿ, ಅದೇ ಲಿಂಜ್‌ನ ಕೆಥೆಡ್ರಲ್‌ನಲ್ಲಿ, ಚರ್ಚ್ ಅವನನ್ನು ರಕ್ತಸಾಕ್ಷಿ ಎಂದು ಗೌರವಿಸಿ ಪುನೀತರ ಸಾಲಿಗೆ ಸೇರಿಸಿತು. ಆ ದಿನ ಫ್ರಾನ್ಸಿಸ್ಕಾ ಅಲ್ಲಿ ಕುಳಿತಿದ್ದಳು. ಆಗ ಅವಳಿಗೆ 94 ವರ್ಷ.