ಸೆಕೆಂಡು ಎರಡನೆಯದಾದರೆ ಮೊದಲನೆಯದು ಯಾವುದು?

ಪ್ರಶ್ನೆ: ಆರನೇ ಕ್ಲಾಸಿನ ನನ್ನ ಮಗ ಗೋಡೆ ಗಡಿಯಾರ ತೋರಿಸಿ, “ಅಮ್ಮಾ, ಸೆಕೆಂಡ್ ಅಂದ್ರೆ ಎರಡನೇದು ಅಲ್ವಾ? ಈ ಮುಳ್ಳು ಮೂರನೇದು. ಇದಕ್ಯಾಕೆ ಸೆಕೆಂಡ್ ಮುಳ್ಳು ಅಂತಾರೆ?” ಎಂದು ಪೀಡಿಸುತ್ತಾನೆ. ಅದೇ ಬೇರೆ ಪದ, ಇದೇ ಬೇರೆ ಪದ ಎಂದು ಬಾಯಿ ಮುಚ್ಚಿಸಿದ್ದೇನೆ. ಸರಿಯೇ?
– ಓದುಗರೊಬ್ಬರು, ತೀರ್ಥಹಳ್ಳಿ

ಉತ್ತರ: ಬಾಯಿ ಮುಚ್ಚಿಸಬಾರದಿತ್ತು ತಾಯೀ, ಹುಡುಗನ ಅನುಮಾನವೇ ಸರಿ. ಎರಡೂ ಒಂದೇ ಪದ. ಅವನು ಮುಳ್ಳು ಎಣಿಸಿದ್ದಾನೆ, ಪಾಲು ಎಣಿಸಬೇಕಿತ್ತು, ಅಷ್ಟೆ.

ಗಂಟೆಯನ್ನು ಅರವತ್ತು ಪಾಲು ಮಾಡಿದಾಗ ಬರುವುದಕ್ಕೆ ಮಧ್ಯಯುಗದ ಲ್ಯಾಟಿನ್‌ನಲ್ಲಿ ‘ಪಾರ್ಸ್ ಮಿನೂಟಾ ಪ್ರೀಮಾ’ ಎಂದು ಹೆಸರು. ಮೊದಲ ಸಲದ ಸಣ್ಣ ಪಾಲು. ಅದನ್ನು ಮತ್ತೆ ಅರವತ್ತು ಮಾಡಿದರೆ ‘ಪಾರ್ಸ್ ಮಿನೂಟಾ ಸೆಕುಂಡಾ’, ಎರಡನೇ ಸಲದ ಸಣ್ಣ ಪಾಲು. ಇಷ್ಟುದ್ದದ ಹೆಸರು ಯಾರ ನಾಲಿಗೆಯಲ್ಲಿ ನಿಂತೀತು? ಮೊದಲನೆಯದರಲ್ಲಿ ‘ಸಣ್ಣ’ ಉಳಿದು ಮಿನಿಟ್ ಆಯಿತು, ಎರಡನೆಯದರಲ್ಲಿ ‘ಎರಡನೇ’ ಉಳಿದು ಸೆಕೆಂಡ್ ಆಯಿತು. ಸೆಕೆಂಡ್ ಹ್ಯಾಂಡ್ ಸ್ಕೂಟರಿನ ಸೆಕೆಂಡೂ ಇದೇ. ಮೂಲದಲ್ಲಿ ‘ಹಿಂದೆ ಬರುವುದು’ ಎಂದು ಅರ್ಥ. ಅದು ಫ್ರೆಂಚಿನಿಂದ ಬರುವ ಮುಂಚೆ ಇಂಗ್ಲಿಷರು ಎರಡನೆಯದಕ್ಕೆ ‘ಅದರ್’ ಎಂದೇ ಹೇಳಿಕೊಂಡಿದ್ದರು!

ಅರವತ್ತರ ಲೆಕ್ಕ ಬ್ಯಾಬಿಲೋನಿನವರದು. ಖಗೋಳ ಶಾಸ್ತ್ರಜ್ಞರು ಅದನ್ನು ಮೊದಲು ಬಳಸಿದ್ದು ವೃತ್ತದ ಡಿಗ್ರಿಗಳನ್ನು ಒಡೆಯಲಿಕ್ಕೆ, ಗಂಟೆಗೆ ಬಂದದ್ದು ಆಮೇಲೆ. ಮಗನಿಗೆ ಭೂಪಟ ತೋರಿಸಿ: ನಮ್ಮ ಶಿವಮೊಗ್ಗ ಇರುವುದು ಸುಮಾರು 13 ಡಿಗ್ರಿ 56 ನಿಮಿಷ ಉತ್ತರ ಅಕ್ಷಾಂಶದಲ್ಲಿ. ಆ ನಿಮಿಷ ಹೊತ್ತಿನದಲ್ಲ, ಡಿಗ್ರಿಯ ಅರವತ್ತನೇ ಒಂದು ಪಾಲು.

ನಮ್ಮವರೂ ಅರವತ್ತನ್ನು ಬಿಟ್ಟವರಲ್ಲ. ದಿನಕ್ಕೆ 60 ಘಳಿಗೆ, ಘಳಿಗೆಗೆ 60 ವಿಘಳಿಗೆ. ಹಾಗಾಗಿ ಘಳಿಗೆ ಎಂದರೆ 24 ನಿಮಿಷ, ವಿಘಳಿಗೆ 24 ಸೆಕೆಂಡು. ಮದುವೆ ಮನೆಯಲ್ಲಿ ತಳಕ್ಕೆ ತೂತಿರುವ ಘಳಿಗೆ ಬಟ್ಟಲನ್ನು ನೀರಿನಲ್ಲಿ ತೇಲಿಬಿಟ್ಟು, ಅದು ಮುಳುಗಿದ್ದನ್ನು ನೋಡಿ ಮುಹೂರ್ತ ಹೇಳುತ್ತಿದ್ದ ಕಾಲವಿತ್ತು. ಸಾಗರದ ಕಡೆಯವರಾದ ನಮ್ಮ ಅಜ್ಜಯ್ಯ ಪಂಚಾಂಗ ಬಿಚ್ಚಿದರೆ ತಿಥಿ ಮುಗಿಯುವುದನ್ನು ವಿಘಳಿಗೆಯವರೆಗೆ ಹೇಳುತ್ತಿದ್ದರು. ಅದೇ ಮನುಷ್ಯ ತೋಟಕ್ಕಿಳಿದರೆ “ಎರಡು ಕವಳ ಹಾಕುವಷ್ಟು ಹೊತ್ತು, ಬಂದೆ” ಎನ್ನುತ್ತಿದ್ದರು. ಅವರ ಒಂದು ಕವಳಕ್ಕೆ ಎಷ್ಟು ವಿಘಳಿಗೆ ಎಂದು ಕೇಳುವ ಧೈರ್ಯ ನಮಗ್ಯಾರಿಗೂ ಇರಲಿಲ್ಲ.

ಹೆಸರು ಹಳೆಯದಾದರೂ ಗಡಿಯಾರಗಳಿಗೆ ಸೆಕೆಂಡಿನ ಯೋಗ್ಯತೆ ಬಂದದ್ದು ತಡವಾಗಿ. ಡಚ್ ವಿಜ್ಞಾನಿ ಕ್ರಿಸ್ಟಿಯಾನ್ ಹೈಗೆನ್ಸ್ 1656ರಲ್ಲಿ ಲೋಲಕದ ಗಡಿಯಾರ ರೂಪಿಸುವ ತನಕ ಹೆಚ್ಚಿನವಕ್ಕೆ ನಿಮಿಷದ ಮುಳ್ಳೂ ಇರಲಿಲ್ಲ. 1967ರಿಂದ ಸೆಕೆಂಡಿಗೆ ಭೂಮಿ ತಿರುಗುವುದರ ಹಂಗೂ ಇಲ್ಲ: ಸೀಸಿಯಂ ಪರಮಾಣುವಿನ ವಿಕಿರಣದ 919 ಕೋಟಿ 26 ಲಕ್ಷ 31 ಸಾವಿರದ 770 ಕಂಪನಗಳ ಅವಧಿಯೇ ಒಂದು ಸೆಕೆಂಡು.

ಇನ್ನು ಮಗ ಸುಮ್ಮನಿರುವ ಪೈಕಿ ಅಲ್ಲ, ಮೂರನೆಯದು ಎಲ್ಲಿ ಎಂದು ಕೇಳಿಯೇ ಕೇಳುತ್ತಾನೆ. ಇತ್ತು. ಸೆಕೆಂಡಿನ ಅರವತ್ತನೇ ಒಂದು ಪಾಲಿಗೆ ಲ್ಯಾಟಿನ್ ಪಂಡಿತರು ‘ಟೆರ್ಷಿಯಾ’, ಅಂದರೆ ಮೂರನೆಯದು, ಎನ್ನುತ್ತಿದ್ದರು. ಅದನ್ನು ಅಳೆಯುವ ಗಡಿಯಾರ ಬರುವ ಹೊತ್ತಿಗೆ ಹತ್ತರ ಲೆಕ್ಕವೇ ಗೆದ್ದಿತ್ತು. ಓಟದ ಪಂದ್ಯದಲ್ಲಿ ಈಗ ಎಣಿಸುವುದು ಸೆಕೆಂಡಿನ ನೂರನೇ ಒಂದು ಪಾಲನ್ನು.