ಹಳೆಯ ಮನೆ ಕಂಪ್ಯೂಟರ್: ಮೊದಲು ಏನನ್ನು ಬದಲಿಸಬೇಕು?

ಮೂಡಿಗೆರೆಯ ಮನೆಯಲ್ಲಿರುವ ನಾಲ್ಕನೇ ತಲೆಮಾರಿನ ಇಂಟೆಲ್ ಐ3 ಕಂಪ್ಯೂಟರ್ ತೀರಾ ನಿಧಾನವಾಗಿದೆ, 4 ಜಿಬಿ ರ‍್ಯಾಮ್ ಇದೆ, ಮೊದಲು ಏನನ್ನು ಬದಲಿಸಲಿ ಎಂದು ಕೇಳಿದ್ದೀರಿ.

ಅನುಮಾನವೇ ಬೇಡ, ಹಾರ್ಡ್ ಡಿಸ್ಕ್ ಬದಲು, ತಿರುಗುವ ಭಾಗವಿಲ್ಲದೆ ಚಿಪ್‌ಗಳಲ್ಲೇ ಕಡತ ಇಡುವ, ಅದೇ ಬಗೆಯ ಕೇಬಲ್ಲಿಗೆ ಸೇರುವ ಸಾಟಾ ಎಸ್‌ಎಸ್‌ಡಿ ಹಾಕಿಸಿ. ತಿರುಗುವ ಡಿಸ್ಕ್ ಸೆಕೆಂಡಿಗೆ ಸುಮಾರು 100ರಿಂದ 150 ಎಂಬಿ ಓದಿದರೆ ಇದು 500 ಎಂಬಿ ಮುಟ್ಟುತ್ತದೆ. ಅದಕ್ಕಿಂತ ದೊಡ್ಡ ಲಾಭವೆಂದರೆ, ಚದುರಿದ ಸಣ್ಣ ಕಡತಗಳಿಗಾಗಿ ಇದು ತಡಕಾಡುವುದಿಲ್ಲ. ಹಳೆಯ ಡಿಸ್ಕನ್ನು ಎಸೆಯಬೇಡಿ, ಫೋಟೊಗಳಿಗೆ ಇರಲಿ. ಆಮೇಲೆ ರ‍್ಯಾಮ್ 8 ಜಿಬಿಗೆ ಏರಿಸಿ. ನಿಮಗೆ ಬೇಕಾದದ್ದು ಡಿಡಿಆರ್3 ಬಗೆಯದು. ಡಿಡಿಆರ್4ರ ಕಚ್ಚು ಬೇರೆ, ಅದು ಕೂರುವುದೇ ಇಲ್ಲ. ಗ್ರಾಫಿಕ್ಸ್ ಕಾರ್ಡ್ ಮಕ್ಕಳ ಪಾಠಕ್ಕೆ, ಲೆಕ್ಕಪತ್ರಕ್ಕೆ ಬೇಕಿಲ್ಲ.

ವಿಂಡೋಸ್ 10ರ ಸಾಮಾನ್ಯ ಬೆಂಬಲ (ಭದ್ರತಾ ಅಪ್‌ಡೇಟ್) 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ನಿಮ್ಮ ಪ್ರೊಸೆಸರ್ ವಿಂಡೋಸ್ 11ರ ಅಧಿಕೃತ ಪಟ್ಟಿಯಲ್ಲಿಲ್ಲ, ಹಾಗಾಗಿ ಲಿನಕ್ಸ್ ಮಿಂಟ್ ಎಂಬ ಉಚಿತ ಕಾರ್ಯಾಚರಣಾ ವ್ಯವಸ್ಥೆ ಹಾಕಿಕೊಳ್ಳಿ.

ಮಲೆನಾಡಿನವರು ಉಳಿದ ಹಣವನ್ನು ಹೊಸ ಕೀಬೋರ್ಡಿಗೆ ಸುರಿಯದೆ 600 ವಿಎ ಯುಪಿಎಸ್‌ಗೆ ಕೊಡಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಮಳೆಗಾಲದಲ್ಲಿ ಕರೆಂಟ್ ಹೋದಾಗ ಕೆಲಸ ಉಳಿಸಿ ಯಂತ್ರ ಆರಿಸಲು ಅಷ್ಟು ಸಾಕು. ಸಿಡಿಲಿಗೆ ಮಾತ್ರ ಅದು ತಡೆಯಲ್ಲ: ಗುಡುಗು ಶುರುವಾಗುವ ಮುನ್ನವೇ ಪ್ಲಗ್ ಜೊತೆಗೆ ಇಂಟರ್ನೆಟ್ ಕೇಬಲನ್ನೂ ಕಿತ್ತಿಡಿ.