ಒಬ್ಬಳೇ ಇದ್ದು ಖುಷಿಯಾಗಿರುವುದು ಸ್ವಾರ್ಥವೇ?

ಪುಣೆಯ ಕೋಥ್ರೂಡಿನ ಓದುಗರೊಬ್ಬರು ಬರೆದಿದ್ದಾರೆ: ‘ಯಜಮಾನರು ಹೋದ ಮೇಲೆ ಒಬ್ಬಳೇ ಇದ್ದೇನೆ. ಬೆಳಿಗ್ಗೆ ದೇವರ ಮುಂದೆ ದಾಸರ ಪದ ಹಾಡಿಕೊಂಡು, ಆಮೇಲೆ ಸುಮ್ನೆ ಕೂತಿರುತ್ತೇನೆ. ಮನಸ್ಸು ತುಂಬಿರುತ್ತದೆ. ನೆಂಟರು ಫೋನ್ ಮಾಡಿ, ಪಾಪ, ಹೇಗಿರ್ತೀಯೋ ಅನ್ನುತ್ತಾರೆ. ಮಗ ಬೆಂಗಳೂರಿಗೆ ಬಾ ಅನ್ನುತ್ತಾನೆ. ಖುಷಿಯಾಗಿದ್ದೇನೆ ಅಂದರೆ ಯಾರೂ ನಂಬುವುದಿಲ್ಲ. ಇದು ಸ್ವಾರ್ಥವೇ?’

ಉತ್ತರ: ತಾಯಿ, ನಾನು ನಂಬುತ್ತೇನೆ. ಇದು ಸ್ವಾರ್ಥ ಅಲ್ಲವೇ ಅಲ್ಲ. ಗಂಡಸು ಗುಡ್ಡ ಹತ್ತಿ ಕೂತರೆ ಸಂತ ಎನ್ನುವ ಜನ, ಹೆಂಗಸು ಮನೆಯಲ್ಲಿ ಒಬ್ಬಳೇ ಕೂತರೆ ‘ಪಾಪ’ ಅನ್ನುತ್ತಾರೆ. ಅದು ನನಗೆ ಸರಿ ಕಾಣುವುದಿಲ್ಲ. ಹನ್ನೆರಡನೇ ಶತಮಾನದಲ್ಲೇ ಅಕ್ಕಮಹಾದೇವಿ ಇದಕ್ಕೆ ಉತ್ತರ ಕೊಟ್ಟಿದ್ದಾಳಲ್ಲ. ಹಸಿದರೆ ಊರಲ್ಲಿ ಭಿಕ್ಷೆ ಇದೆ, ಬಾಯಾರಿದರೆ ಕೆರೆ ಬಾವಿ ಇದೆ, ಮಲಗಲು ಹಾಳು ಗುಡಿ ಇದೆ, ಜೀವದ ಜೊತೆಗೆ ಚೆನ್ನಮಲ್ಲಿಕಾರ್ಜುನ ಇದ್ದಾನೆ ಎಂದಳು. ಅದರಲ್ಲಿ ಕೊರಗಿನ ಒಂದು ಮಾತೂ ಇಲ್ಲ.

ನಿಮ್ಮ ಹತ್ತಿರದಲ್ಲೇ ಮರಾಠಿ ಸಂತ ತುಕಾರಾಮರ ಊರು ದೇಹು ಇದೆ. 1630ರ ಸುಮಾರಿನ ಬರದಲ್ಲಿ ತುಕಾರಾಮರ ಮೊದಲ ಹೆಂಡತಿ, ಮಗ ಇಬ್ಬರೂ ಹೋದರು. ವ್ಯಾಪಾರವೂ ಮುಳುಗಿತು. ಆಮೇಲೆ ಅವರು ಭಂಡಾರಾ ಗುಡ್ಡದ ಮೇಲೆ ಒಬ್ಬರೇ ಕೂತು ವಿಠ್ಠಲನನ್ನು ನೆನೆದರು. ಗಿಡ ಬಳ್ಳಿಗಳೇ ನಮ್ಮ ಬಂಧುಗಳು ಎಂದು ಹಾಡಿದರು. ಊರಿನ ಜನರ ನಡುವೆ ಕೀರ್ತನೆಯನ್ನೂ ಮಾಡಿದರು. ನೀವು ಹಾಡುವ ಪುರಂದರದಾಸರ ದೇವರೂ ಅದೇ ವಿಠ್ಠಲ. ಹಾಗಾಗಿ ನಿಮ್ಮ ದೇವರ ಕೋಣೆಯನ್ನು ನಾನು ಆ ಗುಡ್ಡಕ್ಕಿಂತ ಕಡಿಮೆ ಎಂದುಕೊಳ್ಳುವುದಿಲ್ಲ.

ನಿಮ್ಮ ಪತ್ರದಲ್ಲಿ ನನಗೆ ತುಂಬಾ ಹಿಡಿಸಿದ್ದು ಹಾಡು ಮುಗಿದ ಮೇಲೆ ಸುಮ್ನೆ ಕೂರುವ ಮಾತು. ಒಂಟಿತನ ಕಾಡುವವರಿಗೆ ಅದು ಆಗುವುದೇ ಇಲ್ಲ. ತಕ್ಷಣ ಟಿವಿ ಹಚ್ಚುತ್ತಾರೆ, ಫೋನ್ ಕೈಗೆತ್ತಿಕೊಳ್ಳುತ್ತಾರೆ. ಎದುರಿಗೆ ತನ್ನವರೊಬ್ಬರು ಇದ್ದಾರೆ ಎಂಬ ಧೈರ್ಯ ಇದ್ದರಷ್ಟೇ ಹಾಗೆ ಮಾತಿಲ್ಲದೆ ಕೂರಬಹುದು, ಅಲ್ವಾ? ಹಾಡು ನಿಂತರೂ ಒಳಗೆ ದೇವರ ಹೆಸರು ನಡೆಯುತ್ತಲೇ ಇರುತ್ತದೆ. ಆ ಹೊತ್ತನ್ನು ಯಾರ ಮಾತಿಗೂ ಬಿಟ್ಟುಕೊಡಬೇಡಿ.

ಮಗ ಕರೆಯುವುದು ಪ್ರೀತಿಯಿಂದ. ಅವನಿಗೆ ಎಲ್ಲ ಬಿಡಿಸಿ ಹೇಳುವ ಬದಲು ನಾಲ್ಕು ದಿನ ಇಲ್ಲಿಗೇ ಬಂದಿರು ಅನ್ನಿ. ಬೆಳಿಗ್ಗೆ ನಿಮ್ಮ ಪಕ್ಕ ಕೂರಲಿ. ನೀವು ಹೇಗಿದ್ದೀರಿ ಎಂದು ಅವನೇ ನೋಡುತ್ತಾನೆ. ಮತ್ತೆ, ಮೈಗೆ ಹುಷಾರಿಲ್ಲದಾಗ ಮಾತ್ರ ಒಬ್ಬಳೇ ನೋಡಿಕೊಳ್ಳುತ್ತೇನೆ ಎಂಬ ಹಟ ಬೇಡ. ಪಕ್ಕದ ಮನೆಯವರ ಹತ್ತಿರ ಒಂದು ಬೀಗದ ಕೈ ಕೊಟ್ಟಿಡಿ.

– ಸಂಪಾದಕ